ಸೋಡಾ ಗ್ಯಾಸಿನ ಪಿಸ್ತೂಲು

ಬಕೆಟ್ಟಿನ ನೀರೊಳಗೆ ಪಿಸ್ತೂಲು ಮುಳುಗಿಸಿ ಹಿಡಿದು ಪಾಲಾಕ್ಷ ಗುಳ್ಳೆಗೆ ಕಾಯುತ್ತಿದ್ದ. ಒಂದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂದು, ಕಣ್ಣು ಹೊಡೆದಂತೆ ಒಡೆದು ಹೋಯಿತು. "ನಿನ್ನ..." ಎಂದು ಅರ್ಧಕ್ಕೇ ನಿಲ್ಲಿಸಿದ. ಬೈಗುಳ ಪೂರ್ತಿ ಮಾಡಬೇಕೆಂದರೂ ಎದುರಿಗೊಬ್ಬ ಮನುಷ್ಯ ಬೇಕು. ಕೊಟ್ಟೂರು ಬಸ್ ನಿಲ್ದಾಣದ ಹಿಂದಿನ ಅವನ ಅಂಗಡಿಯಲ್ಲಿ ಭಾನುವಾರ ಮಧ್ಯಾಹ್ನ ಇದ್ದದ್ದು ಬರೀ ಗೋಲಿಸೋಡಾ ಬಾಟಲಿಗಳು. ಅವೂ ಗಂಟಲಿಗೆ ಗೋಲಿ ಸಿಕ್ಕಿಸಿಕೊಂಡು ಸುಮ್ಮನೆ ಕೂತಿದ್ದವು.

ಪಿಸ್ತೂಲು ಗಾದಿಲಿಂಗಪ್ಪನದು. ಹಗರಿಬೊಮ್ಮನಹಳ್ಳಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು, ಪಾಲಾಕ್ಷನಿಗಿದ್ದ ಒಬ್ಬನೇ ಗೆಳೆಯ. ಯಾವುದೋ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಅಮೆರಿಕದ ಹಳೇ ಮಾಲು ಅದು. ಮದ್ದು ಬೇಡ, ನಳಿಗೆಯ ಕೆಳಗಿನ ಹಿತ್ತಾಳೆ ಕೊಳವೆಗೆ ಗ್ಯಾಸು ತುಂಬಿದರೆ ಸಣ್ಣ ಸೀಸದ ಗುಂಡು ಹಾರಿಸುತ್ತಿತ್ತು. ಆ ಗ್ಯಾಸೂ ಸೋಡಾದ ಗ್ಯಾಸೂ ಒಂದೇ ಎಂದು ಗೊತ್ತಾದ ಮೇಲೆ ಭಾನುವಾರಗಳೆಲ್ಲ ಅಂಗಡಿಯ ಹಿತ್ತಲಿಗೇ ಮೀಸಲಾದವು. ದಾರಕ್ಕೆ ಕಟ್ಟಿದ ತಗಡಿನ ಮುಚ್ಚಳಕ್ಕೆ ಪಾಲಾಕ್ಷ ಗುರಿಯಿಡುವುದು, ಗಾದಿಲಿಂಗಪ್ಪನದು ಬಾಯಿ ಕೆಲಸ. ಗುರಿ ತಪ್ಪಿದರೆ ಡಿಪೋ ಮ್ಯಾನೇಜರನ ದನಿಯಲ್ಲಿ ನೋಟಿಸು, ತಾಗಿದರೆ ಮದುವೆಮನೆ ಮೈಕಿನವನ ದನಿಯಲ್ಲಿ ಶುಭಾಶಯ. ಒಮ್ಮೆ ತುಂಬಿದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹಲ್ಲಿನ ಸಂದಿಯಿಂದ ಪಂಕ್ಚರಿನ ಸದ್ದು ಮಾಡಿ, ಕೋಗಳಿ ಹತ್ತಿರ ಡ್ರೈವರನನ್ನು ಇಳಿಸಿ, ಆರೂ ಗಾಲಿ ಮುಟ್ಟಿ ನೋಡಿಸಿದ್ದ ಪುಣ್ಯಾತ್ಮ.

ಊರಿನವರ ದನಿಯನ್ನೆಲ್ಲ ತೆಗೆದರೂ ಪಾಲಾಕ್ಷನಿಗೆ ನಗುವೇ. ತನ್ನ ದನಿ ತೆಗೆದರೆ ಮಾತ್ರ ಉರಿ. ಗಾದಿಲಿಂಗಪ್ಪ ಮೂಗಿನಲ್ಲಿ ರಾಗ ಎಳೆದು, "ನಮ್ ಸೋಡಾ ಕುಡದ್ರ ಹೊಟ್ಟಿ ಹಗುರಾಗ್ತೈತ್ರಿ, ಜೋಬಲ್ಲ" ಅನ್ನುವನು. ನಾನೆಲ್ಲಿ ಹಾಗೆ ಮಾತಾಡುತ್ತೇನೆ ಎಂದು ಪಾಲಾಕ್ಷ ಅದೇ ಮೂಗಿನಲ್ಲಿ ಕೇಳುವನು.

ಶ್ರಾವಣದಲ್ಲೊಂದು ಭಾನುವಾರ ಪಿಸ್ತೂಲು ಸೋರತೊಡಗಿತು. ಸೈಕಲ್ ಟ್ಯೂಬು ಕತ್ತರಿಸಿ ವಾಷರ್ ಹಾಕಿದವನು ಪಾಲಾಕ್ಷನೇ. ಗ್ಯಾಸು ಕುಡಿದು ಅದು ಉಬ್ಬಿ ಕೆಟ್ಟಿತ್ತು. ಅವನು ಮಾತ್ರ ತಪ್ಪನ್ನು ಬಿಸಿಲಿನ ಮೇಲೆ ಹಾಕಿ, ಗಿರಾಕಿಗಳಿಗೆ ಹೇಳುವಂತೆ ಸಮಜಾಯಿಷಿ ಹೇಳುತ್ತಿದ್ದ. ಗಾದಿಲಿಂಗಪ್ಪ ಪಕ್ಕದಲ್ಲಿ ನಿಂತು ಒಂದೊಂದು ಮಾತನ್ನೂ ಅವನ ದನಿಯಲ್ಲೇ ತಿರುಗಿ ಹೇಳಿದ.

"ಸಾಕ್ ಬಾಯಿ ಮುಚ್ಚಲೇ," ಅಂದ ಪಾಲಾಕ್ಷ. "ಇನ್ನೊಂದ್ ಸಲ ನಿನ್ ದನಿ ನನ್ ಕಿವಿಗೆ ಬೀಳಬಾರ್ದು."

ಆ ಗುರುವಾರ ಗಾದಿಲಿಂಗಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ನಾಲಿಗೆ. ಏಳು ತಿಂಗಳಾದರೂ ಒಂದು ಅಕ್ಷರ ಹೊರಬಿದ್ದಿರಲಿಲ್ಲ. ಪಾಲಾಕ್ಷ ನೋಡಲು ಹೋದಾಗಲೆಲ್ಲ ಗಾದಿಲಿಂಗಪ್ಪ ಗೋಡೆ ಕಡೆ ಮುಖ ತಿರುಗಿಸುತ್ತಿದ್ದ. ಸೋಮವಾರ ಮಗಳು ದಾವಣಗೆರೆಗೆ ಕರಕೊಂಡು ಹೋಗುತ್ತಾಳೆ, ಇನ್ನು ಅಲ್ಲೇ ಇರುವುದು ಎಂದು ಅವನ ಹೆಂಡತಿ ಜಂಬಮ್ಮ ನಿನ್ನೆ ಅಂಗಡಿಗೆ ಬಂದು ಹೇಳಿದ್ದಳು. ಒಂದು ತಾಸು, ಹಿತ್ತಲಿಗೆ ಕರೆದುಕೊಂಡು ಬಾ ಎಂದು ಪಾಲಾಕ್ಷ ಬೇಡಿಕೊಂಡಿದ್ದ.

"ಬರ್ತಾರೋ ಇಲ್ಲೋ, ನಾ ಹೇಳಾಕ ಬರಂಗಿಲ್ಲಣ್ಣ," ಅಂದಿದ್ದಳು ಜಂಬಮ್ಮ. "ನೀ ಬಂದು ಹೋದ್ ದಿನ ಊಟಾನೇ ಮಾಡಂಗಿಲ್ಲ."

ಬಕೆಟ್ಟಿನಲ್ಲಿ ಮತ್ತೊಂದು ಗುಳ್ಳೆ ಎದ್ದಿತು. ಸೈಕಲ್ ಅಂಗಡಿಯಿಂದ ತಂದ ವಾಷರುಗಳು ಮೂರೂ ಮುಗಿದಿದ್ದವು. ಪಾಲಾಕ್ಷನ ಕಣ್ಣು ಮೂಲೆಯಲ್ಲಿದ್ದ ಒಡಕು ಬಾಟಲಿಯ ಮೇಲೆ ಬಿತ್ತು. ಅದರ ಕಂಠದೊಳಗೆ, ಗೋಲಿ ಕೂರುವ ಜಾಗದಲ್ಲಿ, ಕಪ್ಪು ರಬ್ಬರಿನ ಉಂಗುರ. ವರ್ಷಗಟ್ಟಲೆ ಇದೇ ಗ್ಯಾಸನ್ನು ಹಿಡಿದಿಟ್ಟಿತ್ತಲ್ಲ ಅದು. ಸೋಡಾದವನಾಗಿ ಇಷ್ಟು ದಿನ ಸೈಕಲ್ ಅಂಗಡಿಯ ಬುದ್ಧಿ ಓಡಿಸಿದ್ದಕ್ಕೆ ತನ್ನನ್ನೇ ಬೈದುಕೊಂಡು, ಉಂಗುರ ಎಬ್ಬಿಸಿ, ಬ್ಲೇಡಿನಲ್ಲಿ ಸವರಿ, ಹರಳೆಣ್ಣೆ ಮುಟ್ಟಿಸಿ ಕೂರಿಸಿದ. ಗ್ಯಾಸು ಚೆನ್ನಾಗಿ ಹಿಡಿಯಲೆಂದು ಪಿಸ್ತೂಲನ್ನು ಐಸಿನ ಪೆಟ್ಟಿಗೆಯಲ್ಲಿ ತಣ್ಣಗೆ ಮಾಡಿ, ಸೋಡಾ ಗ್ಯಾಸಿನ ಸಿಲಿಂಡರನ್ನು ತಲೆಕೆಳಗೆ ಮಾಡಿ ತುಂಬಿ, ನೀರಿಗೆ ಹಿಡಿದ. ನೂರು ಎಣಿಸಿದ. ನೀರು ಸುಮ್ಮನಿತ್ತು.

ನಾಲ್ಕಕ್ಕೆ ಆಟೋ ಬಂತು. ಜಂಬಮ್ಮ, ಆಟೋದವನು ಸೇರಿ ಗಾದಿಲಿಂಗಪ್ಪನನ್ನು ಬೇವಿನ ಗಿಡದ ನೆರಳಿಗೆ ತಂದು ಕುರ್ಚಿಯಲ್ಲಿ ಕೂರಿಸಿದರು. ಮುಂದೆ ಗಾಳಿಗೆ ತೂಗುವ ಮುಚ್ಚಳ, ಅದರ ಹಿಂದೆ ಮಣ್ಣಿನ ಗೋಡೆ. ಹಿತ್ತಲಲ್ಲಿ ತಿರುಗಿ ಕೂರಲು ಬೇರೆ ಗೋಡೆ ಇರಲಿಲ್ಲ. ಅವನು ಕಣ್ಣು ಮುಚ್ಚಿದ. ಆಟೋದವನ ಜೊತೆ ಜಂಬಮ್ಮ ಹೊರಗೆ ಹೋದಳು.

ಪಾಲಾಕ್ಷ ಹೊಡೆದ. ಮುಚ್ಚಳ ಅಲುಗಲಿಲ್ಲ. ಡಿಪೋ ಮ್ಯಾನೇಜರನ ನೋಟಿಸಿಗೆ ಅವನ ಕಿವಿ ತಾನಾಗಿ ಕಾಯಿತು. ನಿಲ್ದಾಣದಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆದು ಹೋಯಿತು. ಎರಡನೆಯ ಗುಂಡಿಗೆ ಮುಚ್ಚಳ ಟಣ್ ಎಂದು ತಿರುಗತೊಡಗಿತು. ಮೈಕಿನವನೂ ಬರಲಿಲ್ಲ. ಇಷ್ಟು ಚೊಕ್ಕ ಗುರಿ ಇಷ್ಟು ಬೇಜಾರು ತರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಗಂಟಲು ಸರಿಮಾಡಿಕೊಂಡು ಮೂಗಿನಲ್ಲಿ ರಾಗ ಎಳೆದ. ಗಾದಿಲಿಂಗಪ್ಪ ತೆಗೆಯುತ್ತಿದ್ದಂತೆಯೇ. "ಬಿಸಿಲಿಂದೇನ್ ತಪ್ಪಿಲ್ರಿ. ವಾಷರ್ ಹಾಕಿದವ್ನೇ ನಾನು." ತೆಗೆಯಲು ಏನೂ ಕಷ್ಟವಾಗಲಿಲ್ಲ. ಅದು ಅವನದೇ ದನಿಯಾಗಿತ್ತು.

"ಹೌದಲೇ," ಅಂದ ಸಣ್ಣಗೆ. "ನಾ ಹಿಂಗ ಮಾತಾಡ್ತೀನಿ."

ಬೇವಿನ ಕೆಳಗಿನ ಕಣ್ಣು ತೆರೆಯಲಿಲ್ಲ. ಪಾಲಾಕ್ಷ ಬೆನ್ನು ತಿರುಗಿಸಿ ಪಿಸ್ತೂಲು ಒರೆಸತೊಡಗಿದ. ಆಗ ಕೇಳಿತು, ಸಣ್ಣಗೆ, ಎಳೆದು: ಸ್ಸ್ಸ್ಸ್.

ಉಂಗುರವೂ ಕೈ ಕೊಟ್ಟಿತಲ್ಲ ಎಂದು ಅವಸರದಲ್ಲಿ ಕಿವಿಗೆ ಹಿಡಿದ. ಕೂತು, ಬಕೆಟ್ಟಿನಲ್ಲಿ ಮುಳುಗಿಸಿದ. ಗುಳ್ಳೆ ಏಳಲಿಲ್ಲ. ಸದ್ದು ಒಮ್ಮೆ ನಿಂತು, ಉಸಿರು ಎಳೆದುಕೊಂಡು, ಬೇವಿನ ಗಿಡದ ಕಡೆಯಿಂದ ಮತ್ತೆ ಶುರುವಾಯಿತು.

ಪಾಲಾಕ್ಷ ತಿರುಗಲಿಲ್ಲ. ಮೊಣಕೈವರೆಗೆ ತೋಯ್ದ ಅಂಗಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಪಿಸ್ತೂಲನ್ನು ನೀರೊಳಗೆ ಆ ಕಡೆ ಈ ಕಡೆ ತಿರುಗಿಸುತ್ತ, ಕೋಗಳಿ ಹತ್ತಿರ ಇಳಿದ ಆ ಡ್ರೈವರನಂತೆ, ಸೋರುವ ಜಾಗ ಹುಡುಕುತ್ತಲೇ ಇದ್ದ.