ಕೊಕ್ಕರೆ ನಾಣ್ಯಕ್ಕೆ ಕೊಟ್ಟ ಒಂದು ಸ್ಟಾರ್

ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ನೋಡಿ ನಂಬರು ಹೇಳುವ ಹೆಂಗಸನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಇದ್ದದ್ದು ಒಂದೇ ಹುಚ್ಚು, ಹಕ್ಕಿ ಇರುವ ನಾಣ್ಯಗಳದ್ದು. ರಾಜರ ತಲೆ, ಕಿರೀಟ, ಸಿಂಹ ಯಾವುದೂ ಬೇಡ. ಹಕ್ಕಿಯೊಂದು ಇದ್ದರೆ ಸಾಕು, ಸವೆದದ್ದಾದರೂ ಸರಿಯೇ, ತಂದು ಆಲ್ಬಮ್ಮಿಗೆ ಸೇರಿಸುವಳು. "ಬೇರೆಯವರ ಮನೇಲಿ ಹಕ್ಕಿ ಕಾಳು ತಿನ್ನುತ್ತೆ, ನಮ್ಮನೇಲಿ ಸಂಬಳ ತಿನ್ನುತ್ತೆ" ಎಂದು ಗಂಡ ಹಾಸ್ಯ ಮಾಡುತ್ತಿದ್ದ.

ಒಂಟಿಕಾಲಿನಲ್ಲಿ ನಿಂತ ಕೊಕ್ಕರೆಯ ಹಳೆಯ ಬೆಳ್ಳಿ ನಾಣ್ಯವೊಂದಕ್ಕಾಗಿ ಅವಳು ವರ್ಷಗಟ್ಟಲೆ ಹುಡುಕಾಡಿದ್ದಳು. ನಾಣ್ಯ ಸಂಗ್ರಹಿಸುವವರು ಕೊಂಡು ಮಾರುವ ಜಾಲತಾಣದಲ್ಲಿ ಒಂದು ದಿನ ಅದು ಕಣ್ಣಿಗೆ ಬಿತ್ತು. ಫೋಟೊದಲ್ಲಿ ಯಾರೋ ಅದನ್ನು ಎರಡು ಬೆರಳಿನಲ್ಲಿ ಹಿಡಿದಿದ್ದರು. ಬೆಳ್ಳಿ ಕಾಲ ಸರಿದಂತೆ ಕಪ್ಪುಗಟ್ಟಿತ್ತು. ಆ ಕಪ್ಪಿನ ನಡುವೆ ರೆಕ್ಕೆಯ ಒಂದೊಂದು ಗರಿಯೂ ಎದ್ದು ಕಾಣುತ್ತಿತ್ತು. ಬಲ್ಲವರಿಗೆ ಆ ಕಪ್ಪೇ ನಾಣ್ಯದ ಪ್ರಾಣ. ತೊಳೆದು ತಿಕ್ಕಿದರೆ ಹೊಳಪು ಬರುತ್ತದೆ, ಆದರೆ ಮೈತುಂಬ ಗೀರು ಬಿದ್ದು ಬೆಲೆ ಹೋಗುತ್ತದೆ. ಅವಳು ಹಿಂದೆಮುಂದೆ ನೋಡದೆ ಕೊಂಡುಬಿಟ್ಟಳು.

ಪಾರ್ಸೆಲ್ ಬಂದಾಗ ಮನೆಯಲ್ಲಿದ್ದದ್ದು ಮಾವ ಒಬ್ಬರೇ. ಬ್ಯಾಂಡಿನಲ್ಲಿ ತುತ್ತೂರಿ ಊದಿ ನಿವೃತ್ತರಾದ ಮುದುಕರು. ಸಂಜೆ ಅವಳು ಚಪ್ಪಲಿ ಬಿಡುವಷ್ಟರಲ್ಲೇ, "ಡಬ್ಬ ಒದ್ದೆಯಾಗಿ ಹರಿದಿತ್ತಮ್ಮ. ಒಳಗಿಂದು ತೆಗೆದು ನಿನ್ನ ಮೇಜಿನ ಮೇಲೆ ಇಟ್ಟಿದ್ದೀನಿ" ಎಂದರು.

ಅವಳು ಓಡಿಹೋಗಿ ನೋಡಿದಳು. ಕಪ್ಪಿನ ಸುಳಿವೇ ಇಲ್ಲ. ಊಟದ ಚಮಚದಂತೆ ಪಳಪಳ ಹೊಳೆಯುವ ನಾಣ್ಯ. ಭೂತಗನ್ನಡಿ ಹಿಡಿದರೆ ಕೊಕ್ಕರೆಯ ಮೈಮೇಲೆಲ್ಲ ಕೂದಲೆಳೆಯಂಥ ಗೀರುಗಳು. ಸಾಲದ್ದಕ್ಕೆ ಅಂಚಿನಲ್ಲೊಂದು ತಗ್ಗು, ಎಲ್ಲೋ ಬಿದ್ದು ಪೆಟ್ಟು ತಿಂದದ್ದು. ಫೋಟೊ ತೆಗೆದು ನೋಡಿದಳು. ಆ ತಗ್ಗು ಇರಬೇಕಾದ ಜಾಗದಲ್ಲೇ ಹೆಬ್ಬೆರಳು ಕೂತಿತ್ತು.

ಅವಳ ಮೈ ಉರಿದುಹೋಯಿತು. ಕಾಫಿಯನ್ನೂ ಕುಡಿಯದೆ ಕೂತು ಜಾಲತಾಣದಲ್ಲಿ ಮಾರಿದವನಿಗೆ ಒಂದೇ ಒಂದು ಸ್ಟಾರ್ ಕೊಟ್ಟು ಬರೆದಳು: "ಫೋಟೊದಲ್ಲಿ ಒಂದು, ಡಬ್ಬದಲ್ಲಿ ಇನ್ನೊಂದು. ತಿಕ್ಕಿ ಹಾಳು ಮಾಡಿದ ನಾಣ್ಯ. ಅಂಚಿನ ಪೆಟ್ಟನ್ನು ಬೆರಳಲ್ಲಿ ಮುಚ್ಚಿ ಫೋಟೊ ತೆಗೆದಿದ್ದಾರೆ. ಈತ ಮೋಸಗಾರ, ಯಾರೂ ಕೊಳ್ಳಬೇಡಿ." ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟು, ಅದನ್ನೇ ಫೋನಿನಲ್ಲಿದ್ದ ಸಂಗ್ರಹಕಾರರ ಗುಂಪಿಗೂ ಹಾಕಿದಳು.

ಗುಂಪಿನವರಿಗೆ ಅಷ್ಟು ಸಾಕಾಯಿತು. ಅವನಿಂದ ಏನನ್ನೂ ಕೊಳ್ಳದವರು ಕೂಡ ನನಗೂ ಅನುಮಾನವಿತ್ತು ಎಂದರು. ಯಾರೋ ಒಬ್ಬ ಅವನ ಮನೆಯ ಬೀದಿಯನ್ನೇ ಪತ್ತೆ ಮಾಡಿ ಹಾಕಿದ. "ಹೋಗಿ ನಾಲ್ಕು ಬಿಡೋಣ" ಎಂದು ಇನ್ನೊಬ್ಬ ಬರೆದ. ಜಾಲತಾಣದವರು ತನಿಖೆ ಮುಗಿಯುವ ತನಕ ಎಂದು ಅಲ್ಲಿನ ಅವನ ಅಂಗಡಿಯ ಪುಟಕ್ಕೆ ಬೀಗ ಹಾಕಿದರು. ಆ ಬೀದಿಯ ಹೆಸರನ್ನು ಅವಳು ಎರಡು ಸಲ ಓದಿದಳು. ನಾನು ಬರೆದದ್ದು ನಾಣ್ಯದ ಮಾತು, ಇದೇನಿದು ಎಂದುಕೊಂಡಳು. ಆದರೆ ಮೋಸ ಮಾಡಿದ್ದು ಅವನು ತಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿದಳು.

ಮಾರಿದವನಿಂದ ಒಂದೇ ಸಂದೇಶ ಬಂತು. "ಮೇಡಂ, ನಾನು ಕಳಿಸಿದಾಗ ನಾಣ್ಯ ಕಪ್ಪಗೇ ಇತ್ತು. ನನ್ನ ಮಕ್ಕಳಾಣೆ. ದಯವಿಟ್ಟು ಒಂದ್ಸಲ ವಿಚಾರಿಸಿ ನೋಡಿ." ಕೆಳಗೆ ಫೋನ್ ನಂಬರು. ಯಾರನ್ನು ವಿಚಾರಿಸುವುದು? ಕಳ್ಳನ ಧೈರ್ಯ ನೋಡು ಎಂದು ಅವಳು ಉತ್ತರ ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದಳು. ಮಾವ ಮೆಟ್ಟಿಲ ಮೇಲೆ ತುತ್ತೂರಿಯನ್ನು ತೊಡೆಗೆ ಆನಿಸಿಕೊಂಡು, ಹಳೆಯ ಬನಿಯನ್ನಿನ ತುಂಡಿಗೆ ಬಿಳಿಯ ಪೇಸ್ಟು ಹಚ್ಚಿ ಉಜ್ಜುತ್ತಿದ್ದರು. ಘಾಟು ಮೂಗಿಗೆ ಬಡಿಯಿತು. ಅವರು ತಲೆಯೆತ್ತದೆ, ಸ್ವಲ್ಪ ಸಂಕೋಚದಿಂದ ಕೇಳಿದರು.

"ಅಲ್ಲಮ್ಮ, ನಿನ್ನ ಕೊಕ್ಕರೆ ಇಷ್ಟ ಆಗ್ಲಿಲ್ವಾ? ನೀನು ಏನೂ ಹೇಳಲೇ ಇಲ್ಲ."

"ಯಾಕೆ ಮಾವ?"

"ಪಾಪ, ಕರ‍್ರಗೆ ಹಂಚಿನ ತಳದ ಹಾಗಿತ್ತು. ಮಧ್ಯಾಹ್ನವೆಲ್ಲ ಕೂತು ತಿಕ್ಕಿದೆ. ಕೊಕ್ಕಿನ ಸಂದೀಲಿ ಹೋಗ್ತಾನೇ ಇರ‍್ಲಿಲ್ಲ, ಹಲ್ಲುಜ್ಜೋ ಬ್ರಷ್ ತಗೊಂಡೆ. ನೀನು ನೋಡಿ ಖುಷಿಪಡ್ತೀಯ ಅಂತ ಕಾಯ್ತಾ ಇದ್ದೆ."

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು. "ಚೆನ್ನಾಗಿದೆ ಮಾವ" ಎಂದಷ್ಟೇ ಹೇಳಿ ಒಳಗೆ ಬಂದು ಸ್ನಾನದ ಮನೆಯ ಬಾಗಿಲು ಹಾಕಿಕೊಂಡಳು.

ಗಂಡನಿಗೆ ಹೇಳಿದಾಗ ಅವನು ಮೊದಲು ನಕ್ಕ. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ.

"ಸುಮ್ನೆ ಬಿಟ್ಬಿಡು. ಯಾರಿಗೆ ಗೊತ್ತಾಗುತ್ತೆ? ಹೆಬ್ಬೆರಳು ಇಟ್ಟಿದ್ದು ಅವನೇ ತಾನೆ? ಅವನೇನು ಸಾಚಾನಾ?"

"ಬೆರಳು ಇಟ್ಟಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆ ಏನ್ರೀ? ಜನ ಅವರ ಮನೆ ಹುಡುಕ್ತಾ ಇದ್ದಾರೆ."

"ಹಾಗಂತ ನಮ್ಮಪ್ಪ ತಿಕ್ಕಿದ್ರು ಅಂತ ಊರಿಗೆಲ್ಲ ಸಾರ‍್ತೀಯಾ? ಅವರಿಗೆ ಗೊತ್ತಾದ್ರೆ ಎಷ್ಟು ನೊಂದ್ಕೋತಾರೆ ಗೊತ್ತಾ?"

ಮರುದಿನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಗೋಡೆಯ ಅಕ್ಷರಗಳನ್ನು ಓದುತ್ತಿದ್ದರೆ ಅವಳ ಕಿವಿಯೆಲ್ಲ ಜೇಬಿನ ಫೋನಿನ ಮೇಲೆ. ಅದು ಗುಂಯ್ ಎಂದಾಗಲೆಲ್ಲ ಯಾರೋ ಅವನ ಮನೆಗೆ ನುಗ್ಗಿದರೇನೋ ಎಂದು ಜೀವ ಹಾರುವುದು. ಎಡಗಣ್ಣಿನ ನಂಬರನ್ನು ಬಲಗಣ್ಣಿಗೆ ಬರೆದುಬಿಟ್ಟಳು. "ಏನಕ್ಕಾ, ಈ ಕನ್ನಡಕ ಹಾಕ್ಕೊಂಡು ನಾನು ಹಿಂದಕ್ಕೆ ನಡೀಬೇಕಾ?" ಎಂದು ಗಿರಾಕಿ ಚೀಟಿ ನೋಡಿ ನಕ್ಕರು. ಅವಳಿಗೆ ನಗು ಬರಲಿಲ್ಲ. ಅವರನ್ನು ಕಳಿಸಿ, ಚೌಕಟ್ಟುಗಳನ್ನು ಇಡುವ ಹಿಂದಿನ ಕೋಣೆಗೆ ಹೋಗಿ ಮಾರಿದವನ ನಂಬರಿಗೆ ಫೋನ್ ಮಾಡಿದಳು.

"ಯಾರು?" ಗಂಡಸಿನ ಧ್ವನಿ. ಬೈಸಿಕೊಂಡು ಅಭ್ಯಾಸವಾದವನ ಹಾಗೆ ಮೆಲ್ಲಗೆ ಕೇಳಿದ.

"ನಾನು... ಕೊಕ್ಕರೆ ನಾಣ್ಯ ತಗೊಂಡವಳು."

ಆ ಕಡೆಯಿಂದ ವಾಹನದ ಇಂಜಿನ್ ನಿಂತ ಸದ್ದು ಬಂತು. ಅವನು ಶಾಲೆಯ ವ್ಯಾನ್ ಓಡಿಸುವವನಂತೆ. ತೀರಿಕೊಂಡ ಅಣ್ಣ ಕೂಡಿಟ್ಟ ನಾಣ್ಯಗಳನ್ನು ಅತ್ತಿಗೆಗೋಸ್ಕರ ಮಾರುತ್ತಿದ್ದಾನಂತೆ. ಅವಳು ನಡೆದದ್ದನ್ನೆಲ್ಲ ಹೇಳಿದಳು, ಮಾವ, ಪೇಸ್ಟು, ಬ್ರಷ್ಷು ಸಮೇತ. ಬೈಯುತ್ತಾನೆ ಎಂದು ಕಾದಳು.

"ಮೇಡಂ, ನಿನ್ನೆ ನಮ್ಮತ್ತಿಗೆ ಬಾಗಿಲು ತೆಗೆಯೋಕ್ಕೇ ಹೆದರ‍್ಕೊಂಡ್ರು" ಎಂದ ಅವನು. "ಯಾರೋ ಇಬ್ಬರು ಬಂದು ಕಿಟಕಿ ಬಡಿದು ಹೋದರು."

"ತಪ್ಪಾಯ್ತು. ನಾನು ವಿಚಾರಿಸದೆ ಬರೆದೆ."

"ಆದ್ರೆ..." ಅವನು ಗಂಟಲು ಸರಿಮಾಡಿಕೊಂಡ. "ಬೆರಳು ನಂದೇ ಮೇಡಂ. ಬೇಕಂತಲೇ ಇಟ್ಟಿದ್ದು. ತಗ್ಗು ಕಂಡ್ರೆ ಯಾರೂ ತಗೊಳ್ಳಲ್ಲ ಅನ್ನಿಸ್ತು. ಅದು ನೀವು ಬರೆದಿದ್ದು ಸರೀನೇ."

ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಅಲ್ಲೇ ಸ್ಟೂಲಿನ ಮೇಲೆ ಕೂತು ಅವಳು ಹೊಸದಾಗಿ ಬರೆಯತೊಡಗಿದಳು. ಅಳಿಸಿದಳು, ಮತ್ತೆ ಬರೆದಳು. ಅವನನ್ನು ಹೊಗಳಿದರೆ ಅದೂ ಸುಳ್ಳಾಗುತ್ತಿತ್ತು. ಕೊನೆಗೆ ಉಳಿದದ್ದು ಇಷ್ಟು: "ನಾಣ್ಯ ಫೋಟೊದಲ್ಲಿದ್ದ ಹಾಗೆ ಕಪ್ಪಗೇ ಬಂದಿತ್ತು. ಅದನ್ನು ತಿಕ್ಕಿದ್ದು ನಮ್ಮ ಮನೆಯಲ್ಲಿ, ಮಾರಿದವರಲ್ಲ. ನಾನು ಮನೆಯಲ್ಲಿ ಕೇಳದೆ ಅವರನ್ನು ಮೋಸಗಾರ ಎಂದೆ, ಅದು ನನ್ನ ತಪ್ಪು. ಅಂಚಿನ ತಗ್ಗು ಮಾತ್ರ ಫೋಟೊದಲ್ಲಿ ಕಾಣುವುದಿಲ್ಲ, ಅದನ್ನು ತೋರಿಸಬೇಕಿತ್ತು. ಮೂರು ಸ್ಟಾರ್. ದಯವಿಟ್ಟು ಯಾರೂ ಅವರ ಮನೆಯ ಹತ್ತಿರ ಹೋಗಬೇಡಿ." ಯಾರು ತಿಕ್ಕಿದರೆಂದು ಬರೆಯಲಿಲ್ಲ. ಬೀದಿಯ ಹೆಸರು ಹಾಕಿದವನಿಗೆ ಅದನ್ನು ಅಳಿಸಲು ಹೇಳಿದಳು, ಅವನು ಕೇಳದಿದ್ದಾಗ ಗುಂಪು ನಡೆಸುವವರಿಂದ ತೆಗೆಸಿದಳು.

ಗುಂಪಿನವರು ಈಗ ಅವಳತ್ತ ತಿರುಗಿದರು. ಎಷ್ಟು ಕೊಟ್ಟು ಬಾಯಿ ಮುಚ್ಚಿಸಿದ ಎಂದು ಒಬ್ಬ ಕೇಳಿದ. ಕನ್ನಡಕ ಮಾರುವವಳಿಗೇ ಕಣ್ಣು ಕಾಣಲ್ಲ ಎಂದು ಇನ್ನೊಬ್ಬ ನಗೆಯಾಡಿದ. ಒಂದೊಂದನ್ನೂ ಓದುವಾಗ ಮುಖಕ್ಕೆ ರಕ್ತ ನುಗ್ಗುತ್ತಿತ್ತು, ಆದರೂ ಓದಿದಳು. ಅವನ ಅಂಗಡಿ ಮತ್ತೆ ತೆರೆಯಲು ಎಷ್ಟೋ ದಿನ ಹಿಡಿಯಿತು. ಅಷ್ಟೂ ದಿನ ಅವಳು ಏಳುತ್ತಲೇ ಮೊದಲು ನೋಡುತ್ತಿದ್ದದ್ದು ಅದನ್ನೇ. ತೆರೆದಾಗ ಅಲ್ಲಿದ್ದ ನಾಣ್ಯಗಳೆಲ್ಲ ಬಿಳಿ ಹಾಳೆಯ ಮೇಲೆ ಮಲಗಿದ್ದವು. ಯಾವ ಅಂಚಿನ ಮೇಲೂ ಬೆರಳಿರಲಿಲ್ಲ.

ಮಾವನಿಗೆ ಏನೂ ತಿಳಿದಿಲ್ಲ ಎಂದೇ ಗಂಡಹೆಂಡತಿ ನಂಬಿದ್ದರು. ಒಂದು ಮಧ್ಯಾಹ್ನ ಅಂಗಡಿಗೆ ಅವರ ಫೋನ್ ಬಂತು. ಅವಳು ಹೆದರಿ ಎದ್ದು ನಿಂತಳು.

"ಏನಾಯ್ತು ಮಾವ?"

"ಏನಿಲ್ಲಮ್ಮ, ಇನ್ನೊಂದು ಪಾರ್ಸೆಲ್ ಬಂದಿದೆ. ನಾನು ಮುಟ್ಟಿಲ್ಲ. ಹುಡುಗ ಎಲ್ಲಿಟ್ಟನೋ ಅಲ್ಲೇ, ಹೊಸ್ತಿಲ ಹತ್ತಿರವೇ ಇದೆ." ಅವರ ದನಿ ತಗ್ಗಿತು. "ಅವತ್ತು ನೀನೂ ನನ್ನ ಮಗನೂ ಮಾತಾಡಿದ್ದು ಕೇಳಿಸ್ತು. ನಂಗೆ ಗೊತ್ತಿರ‍್ಲಿಲ್ಲಮ್ಮ."

ಅವಳ ಕಣ್ಣು ತುಂಬಿತು. ಇಷ್ಟು ದಿನ ಮುಚ್ಚಿಡಲು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಅವರು ಒಬ್ಬರೇ ಎಷ್ಟು ದಿನ ಇದನ್ನು ಮನಸ್ಸಲ್ಲಿಟ್ಟು ಕೊರಗಿದರೋ.

"ಒಳಗೆ ತಂದಿಡಿ ಮಾವ" ಎಂದಳು. "ನಾನು ಬೇಗ ಬರ‍್ತೀನಿ. ನೀವೇ ಬಿಚ್ಚಿ, ನಾನು ಪಕ್ಕದಲ್ಲಿ ಕೂತ್ಕೋತೀನಿ."

"ಕೈ ನಡುಗುತ್ತಮ್ಮ."

"ನಂದೂ ನಡುಗುತ್ತೆ. ಇಬ್ಬರೂ ಸೇರಿ ಹಿಡ್ಕೊಂಡ್ರಾಯ್ತು."