ಅಳತೆಗೆ ಇಟ್ಟ ಕುರ್ಚಿ

ಗಂಡನ ಶವಸಂಸ್ಕಾರ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಬಂದ ಮೊದಲ ಮಾಮೂಲಿ ಬೆಳಗು ಅದು. ಮಾಮೂಲಿ ಎಂದು ಅವಳಿಗೆ ಗೊತ್ತಾದದ್ದು ಫೋನಿನಿಂದ. ಅಲ್ಲಿಯವರೆಗೆ ಫೋನ್ ಮಾಡಿದವರೆಲ್ಲ ದನಿ ತಗ್ಗಿಸಿ ಮಾತಾಡಿದ್ದರು. ಈ ಬೆಳಗ್ಗೆ ಮನೆ ಬ್ರೋಕರ್ ತನ್ನ ಎಂದಿನ ಗಂಟಲಿನಲ್ಲೇ ಕೂಗಿದ.

“ತಂಗೀ, ಹೇಳೋಕೆ ಬಾಯೇ ಬರ್ತಿಲ್ಲ. ಆದ್ರೂ ಕೇಳ್ಬೇಕಲ್ಲ. ಹಾಲ್‌ದು ಒಂದು ಫೋಟೊ ಬಾಕಿ ಉಳಿದಿದೆ.”

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ನಾದಿನಿಗೂ ಅದು ಕೇಳಿಸಿತು. “ಬಾಯಿ ಬರದೇ ಇದ್ದಾಗ ಇಷ್ಟು,” ಎಂದಳು. “ಬಂದಿದ್ರೆ ಕಿಟಕಿ ಗಾಜು ಉಳೀತಿರ್ಲಿಲ್ಲ.”

ಅವಳು ಫೋನಿಗೆ “ನೋಡ್ತೀನಿ” ಎಂದಳು. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮರಗಟ್ಟಿರುತ್ತದಲ್ಲ, ಆ ದಿನಗಳಲ್ಲಿ ಅವಳಿಗೆ ಮೈಯೆಲ್ಲ ಹಾಗಿತ್ತು. ಕಾಫಿ ಬಿಸಿಯೋ ತಣ್ಣಗೋ ಎಂದು ಲೋಟದ ಹೊಗೆ ನೋಡಿ ತಿಳಿಯಬೇಕಾಗಿತ್ತು.

ಮನೆ ಅವಳ ಗಂಡ ಮತ್ತು ನಾದಿನಿ, ಅಣ್ಣ-ತಂಗಿ ಇಬ್ಬರದು. ಅದನ್ನು ಮಾರಿ ಹತ್ತಿರಹತ್ತಿರ ಎರಡು ಸಣ್ಣ ಮನೆ ಮಾಡುವುದೆಂದು ಮಾತಾಗಿತ್ತು. ಸಾಮಾನೆಲ್ಲ ಆಗಲೇ ಬಾಡಿಗೆ ಮನೆ ಸೇರಿತ್ತು. ಆದ್ದರಿಂದ ಸಾವಿನ ಕೆಲಸಗಳೆಲ್ಲ ನಡೆದದ್ದು ನಾದಿನಿಯ ಮನೆಯಲ್ಲಿ. ಇಲ್ಲಿ ಬಂದವರನ್ನು ಕೂರಿಸಲು ಏನೂ ಇರಲಿಲ್ಲ: ಒಂದು ಹಾಸಿಗೆ, ಒಂದು ಒಲೆ, ನೆಲದ ಮೇಲೆ ಅವನ ಕಂಪ್ಯೂಟರ್, ಹಾಲಿನ ನಡುವೆ ಒಂದೇ ಒಂದು ಕುರ್ಚಿ.

ಖಾಲಿ ಮನೆಗಳ ಫೋಟೊದೊಳಗೆ ಸೋಫಾ, ಮೇಜು, ಪರದೆ, ಹೂಕುಂಡ ಕೂರಿಸುವುದು ಅವನ ಕಸುಬು. ಬರಿಗೋಡೆ ತೋರಿಸಿದರೆ ಕೊಳ್ಳುವವರಿಗೆ ಅಲ್ಲಿನ ಬದುಕು ಕಣ್ಣಿಗೆ ಕಟ್ಟುವುದಿಲ್ಲ. ಕಂಪ್ಯೂಟರಿನಲ್ಲಿ ಮನೆ ತುಂಬಿಸಿ, ಫೋಟೊದ ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಸಾಮಾನುಗಳು ಕಾಲ್ಪನಿಕ’ ಎಂದು ಬರೆಯುತ್ತಿದ್ದ. “ನಾವು ಸುಳ್ಳು ಹೇಳೋರಲ್ಲ, ಅಡಿಬರಹ ಹಾಕಿ ಕನಸು ಕಾಣೋರು” ಅನ್ನುತ್ತಿದ್ದ.

ಅವನದೊಂದು ಪದ್ಧತಿಯಿತ್ತು. ಪ್ರತಿ ಖಾಲಿ ಕೋಣೆಗೂ ಎರಡು ಫೋಟೊ. ಮೊದಲನೆಯದರಲ್ಲಿ ನಡುವೆ ಒಂದು ನಿಜವಾದ ಕುರ್ಚಿ ಇಡುತ್ತಿದ್ದ. ಮೇಜು ಎಷ್ಟೆತ್ತರ ಇರಬೇಕು, ನೆರಳು ಯಾವ ಕಡೆಗೆ ಬೀಳಬೇಕು ಎಂದು ಆ ಕುರ್ಚಿಯಿಂದ ಗೊತ್ತಾಗುತ್ತಿತ್ತು. ಆಮೇಲೆ ಕುರ್ಚಿ ಎತ್ತಿ, ಬಿಸಿಲು ಕದಲುವ ಮೊದಲೇ ಬರಿ ನೆಲದ ಎರಡನೆಯ ಫೋಟೊ. ಸ್ವಂತ ಮನೆಗೆ ಅಳತೆ ಹಿಡಿಯುವ ಹೊತ್ತಿಗೆ ಕುರ್ಚಿಗಳೆಲ್ಲ ಸಾಗಿಹೋಗಿದ್ದವು. ಬೀದಿ ತಿರುವಿನ ಟೈಲರಮ್ಮನ ಅಂಗಡಿಗೆ ಹೋಗಿ, ಅವರು ಕೂತಿದ್ದ ಕುರ್ಚಿಯನ್ನೇ ಕೇಳಿ ತಂದಿದ್ದ. “ಸಾಯಂಕಾಲ ತಂದ್ಕೊಡ್ತೀನಿ ಅಂದಿದ್ದೀನಿ” ಎಂದು ಹೇಳಿ, ಒಂದೊಂದೇ ಕೋಣೆ ಮುಗಿಸಿ, ಕೊನೆಗೆ ಹಾಲಿನಲ್ಲಿ ಕುರ್ಚಿಯಿಟ್ಟು ಮೊದಲನೆಯ ಫೋಟೊ ತೆಗೆದ. ಅಷ್ಟರಲ್ಲಿ ಮೋಡ ಮುಚ್ಚಿತು. ಬಿಸಿಲು ಬರುವವರೆಗೆ ಒಂದು ಸುತ್ತು ಹೋಗಿಬರುತ್ತೇನೆಂದು ಹೊರಟವನು ಬಸ್‌ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ಕುರ್ಚಿ ಅವನು ಇಟ್ಟಲ್ಲೇ ಇತ್ತು, ಕಿಟಕಿಗೆ ಸ್ವಲ್ಪ ಓರೆಯಾಗಿ. ಅವಳು ಅದರ ಸುತ್ತಲೇ ಗುಡಿಸಿದಳು.

“ಅತ್ತಿಗೆ, ಟೈಲರಮ್ಮ ಪೇಂಟ್ ಡಬ್ಬ ಬೋರಲು ಹಾಕ್ಕೊಂಡು ಕೂತಿದ್ದಾರೆ,” ಎಂದಳು ನಾದಿನಿ. “ಕೇಳೋಕೆ ಅವ್ರಿಗೆ ಮುಖ ಇಲ್ಲ, ಕೊಡೋಕೆ ನಿಮಗೆ ಮನಸ್ಸಿಲ್ಲ. ನಾನು ಕೊಟ್ಟುಬರ್ಲಾ?”

“ಬೇಡ. ಫೋಟೊ ಮುಗೀಲಿ.”

ಕುರ್ಚಿ ಕೊಟ್ಟರೆ ಅವನು ಅರ್ಧಕ್ಕೆ ಬಿಟ್ಟು ಹೋದದ್ದು ಇನ್ನೇನೂ ಉಳಿಯುವುದಿಲ್ಲ. ಇದನ್ನು ಅವಳು ನಾದಿನಿಗೆ ಹೇಳಲಿಲ್ಲ.

ಕಂಪ್ಯೂಟರ್ ಮುಂದೆ ಕೂತಳು. ಅವನ ಪಕ್ಕ ಕೂತು ನೋಡಿ ನೋಡಿ ಆ ಕೆಲಸ ಅವಳಿಗೂ ಬರುತ್ತಿತ್ತು. ಪರದೆಯ ಮೇಲೆ ಅದೇ ಹಾಲ್, ಅದೇ ಕುರ್ಚಿ, ಬೆಳಗಿನ ಬಿಸಿಲಿಗೆ ನೆಲದ ಮೇಲೆ ಅದರ ಉದ್ದ ನೆರಳು. ಫೋಟೊ ತೆಗೆಯುವವನು ಫೋಟೊದಲ್ಲಿ ಇರುವುದಿಲ್ಲ. ಹಾಗಾದರೆ ಅವನು ಈಗಲೂ ಬಾಗಿಲ ಹತ್ತಿರ, ಚಿತ್ರದಿಂದ ಒಂದು ಹೆಜ್ಜೆ ಆಚೆಗೆ, ಒಂದು ಕಣ್ಣು ಮುಚ್ಚಿ ನಿಂತಿರಬಹುದು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವಳು ಅವಳು, ಬೆಳಕಿನ ಮೇಲೆ ಪರೀಕ್ಷೆ ಬರೆದು ಪಾಸಾದವಳು. “ನಿನ್ನ ಬೆಳಕು ಪುಸ್ತಕದಲ್ಲಿ ನೆಟ್ಟಗೆ ಹೋಗುತ್ತೆ,” ಎಂದು ಅವನು ಛೇಡಿಸುತ್ತಿದ್ದ. “ನಮ್ಮ ಮನೇಲಿ ನೋಡು, ಎಲ್ಲೆಲ್ಲೋ ಅಡ್ಡಾಡಿ ಬರುತ್ತೆ.”

ಕಿಟಕಿಯ ಕೆಳಗೆ ಒಂದು ಬೂದು ಸೋಫಾ ಕೂರಿಸಿದಳು. ದುಂಡು ಮೇಜು ತಂದಳು, ಅದರ ಮೇಲೆ ಗಾಜಿನ ಹೂಜಿ. ಹೂಜಿಯಲ್ಲಿ ನೀರು ತುಂಬಿಸಿ, ನೀರಿನೊಳಗೆ ಕಿಟಕಿಯನ್ನು ತಲೆಕೆಳಗಾಗಿ ಮೂಡಿಸಿದಳು. ಯಾರೂ ಅಷ್ಟು ಹತ್ತಿರದಿಂದ ನೋಡುವುದಿಲ್ಲ ಎಂದು ಗೊತ್ತಿತ್ತು. ಒಂದು ದಿನ ಕಿಟಕಿಯ ಪರದೆಗೆ ಗಾಳಿ ತುಂಬಿಸಿದಳು. ಇನ್ನೊಂದು ದಿನ ಯಾರೋ ಈಗಷ್ಟೇ ಎದ್ದು ಹೋದಂತೆ ದಿಂಬಿನ ನಡುವೆ ತಗ್ಗು ಮಾಡಿದಳು. ಹೊರಗೆ ತರಕಾರಿಯವನು ಕೂಗಿದರೆ, ಕೂಗು ಚಿತ್ರದೊಳಗಿನ ಬೀದಿಯಿಂದ ಬಂದಂತೆ ಕೇಳುತ್ತಿತ್ತು.

ನಾದಿನಿ ಒಂದು ಸಂಜೆ ಬಂದಾಗ ಅವಳು ಬಾಗಿಲಿಂದ ಅಡುಗೆಮನೆಗೆ ನಡೆಯುತ್ತಿದ್ದಳು. ಕುರ್ಚಿ ದಾಟಿದ ಮೇಲೂ ನೆಟ್ಟಗೆ ಹೋಗದೆ, ಬರಿ ನೆಲದ ಮೇಲೆ ದೊಡ್ಡ ಸುತ್ತು ಹಾಕಿದಳು.

“ಅಲ್ಲೇನಿದೆ ಅಂತ ಬಳಸ್ಕೊಂಡು ಹೋಗ್ತಿದ್ದೀರಿ?”

“ಮೇಜು.”

ನಾದಿನಿ ಖಾಲಿ ನೆಲವನ್ನೇ ನೋಡಿದಳು. ಆಮೇಲೆ ಚೀಲವನ್ನು ಎದೆಗೆ ಒತ್ತಿಕೊಂಡು ತಾನೂ ಆ ಸುತ್ತಿನಲ್ಲೇ ಬಳಸಿ ಬಂದಳು.

“ದೊಡ್ಡದೇ ತಂದಿದ್ದೀರಿ,” ಎಂದಳು. “ಮೊಣಕಾಲು ತಾಗೋದರಲ್ಲಿತ್ತು.”

ಮಾರನೆಯ ದಿನ ಬ್ರೋಕರ್ ಮತ್ತೆ ಕೂಗಿದಾಗ ಅವಳು ಕೊನೆಯ ಕೆಲಸಕ್ಕೆ ಇಳಿದಳು. ಬರಿ ನೆಲದ ಎರಡನೆಯ ಫೋಟೊ ಇರಲಿಲ್ಲ. ಅದನ್ನು ತೆಗೆಯಬೇಕೆಂದರೆ ಕುರ್ಚಿ ಎತ್ತಬೇಕು. ಎತ್ತುವ ಬದಲು ಚಿತ್ರದಲ್ಲೇ ಅದನ್ನು ಅಳಿಸಿದರಾಯಿತು ಅಂದುಕೊಂಡಳು. ಬೆನ್ನು, ಕೈ, ಕಾಲು ಎಂದು ಒಂದೊಂದಾಗಿ ಅಳಿಸಿದಳು. ಮುಗಿದ ಮೇಲೆ ತಿರುಗಿ ನೋಡಿದರೆ ನಿಜವಾದ ಕುರ್ಚಿ ಇದ್ದಲ್ಲೇ ಇತ್ತು. ಸಮಾಧಾನವಾಯಿತು. ಫೋಟೊ ಕಳಿಸಿದಳು.

ಫೋನ್ ತಕ್ಷಣ ಬಂತು. ಈ ಸಲ ಬ್ರೋಕರ್ ನಿಜವಾಗಿಯೂ ಮೆಲ್ಲಗೆ ಮಾತಾಡಿದ.

“ತಂಗೀ, ಮನೆ ಅಂದ್ರೆ ಅರಮನೆ ಥರ ಇದೆ. ಆದ್ರೆ ಕುರ್ಚಿ ಎದ್ದು ಹೋಗಿದೆ, ಅದರ ನೆರಳು ಇನ್ನೂ ಕೂತಿದೆ ಕಣಮ್ಮ. ನೋಡಿದೋರು ದೆವ್ವದ ಮನೆ ಅಂತಾರೆ.”

ಅವಳು ನೋಡಿದಳು. ಸೋಫಾದ ಮುಂದೆ, ತಾನೇ ಹಾಸಿದ್ದ ಜಮಖಾನದ ಅಂಚಿನಲ್ಲಿ, ಯಾವುದಕ್ಕೂ ಸೇರದ ಒಂದು ನೆರಳು. ಅಷ್ಟು ಹೊತ್ತು ಅದರ ಮೇಲೆಯೇ ಕಣ್ಣಿಟ್ಟು ಕೂತಿದ್ದರೂ ಕಂಡಿರಲಿಲ್ಲ. ಅಳಿಸಲು ಹೋದಳು. ನೆಲದ ಕಲ್ಲಿನ ಗೆರೆಗಳು ಕಲಸಿ ಮಸಿ ಬಳಿದಂತಾಯಿತು. ಮತ್ತೆ ಮಾಡಿದಳು, ಮತ್ತೆ ಅದೇ. ನೆರಳಿನ ಅಡಿಯಲ್ಲಿ ಏನಿದೆಯೆಂದು ಕಂಪ್ಯೂಟರಿಗೆ ಗೊತ್ತಿಲ್ಲ. ಅದು ಗೊತ್ತಿರುವುದು ನೆಲಕ್ಕೆ ಮಾತ್ರ.

“ನಾಳೆ ಬೆಳಗ್ಗೆ ಕಳಿಸ್ತೀನಿ,” ಎಂದಳು.

ಬೆಳಗ್ಗೆ ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬರುವುದನ್ನು ಗೋಡೆಗೆ ಒರಗಿ ಕಾದಳು. ಕುರ್ಚಿಯ ನೆರಳು ನಿಧಾನವಾಗಿ ಫೋಟೊದಲ್ಲಿದ್ದ ಜಾಗಕ್ಕೆ ಬಂದು ನಿಂತಿತು. ಆಗ ಎರಡೂ ಕೈ ಕೊಟ್ಟು ಕುರ್ಚಿ ಎತ್ತಿದಳು. ನೋಡಿದ್ದಕ್ಕಿಂತ ಹಗುರವಾಗಿತ್ತು. ಹೊರಗೆ ಮೆಟ್ಟಿಲ ಮೇಲಿಟ್ಟು ಒಳಗೆ ಬಂದಳು. ನೆರಳಿದ್ದಲ್ಲಿ ಈಗ ಬಿಸಿಲು, ಕಲ್ಲಿನ ಗೆರೆ, ಒಂದಿಷ್ಟು ಧೂಳು.

ಅವನ ಕ್ಯಾಮೆರಾ ಹಿಡಿದು ಬಾಗಿಲ ಹತ್ತಿರ, ಅವನು ನಿಂತಿದ್ದ ಜಾಗ ಇದೇ ಇರಬೇಕು ಅನ್ನಿಸಿದಲ್ಲಿ ನಿಂತಳು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಜಾಗ ಒಬ್ಬರಿಗೇ ಸಾಕಾಗುವಷ್ಟಿತ್ತು. ಒಂದು ಕಣ್ಣು ಮುಚ್ಚಿ ಫೋಟೊ ತೆಗೆದಳು.

ಹೊರಗೆ ನಾದಿನಿ ಆಗಷ್ಟೇ ಬಂದು ಮೆಟ್ಟಿಲ ಬಳಿ ನಿಂತಿದ್ದಳು. “ಫೋಟೊ ಆಯ್ತಲ್ಲ. ಕುರ್ಚಿ ಒಳಗೆ ತರ್ಲಾ ಅತ್ತಿಗೆ?”

“ಬೇಡ,” ಎಂದು ಅವಳು ಚಪ್ಪಲಿ ಮೆಟ್ಟಿದಳು. “ಬಾಗಿಲ ಕಡೆ ನೋಡ್ಕೊ.”

ಕುರ್ಚಿಯನ್ನು ಸೊಂಟಕ್ಕೆ ಆನಿಸಿಕೊಂಡು ಬೀದಿಗೆ ಇಳಿದಳು. ಸೈಕಲ್ ಮೇಲಿದ್ದವನೊಬ್ಬ ದಾರಿ ಬಿಟ್ಟ. ತಿರುವಿನಲ್ಲಿ ಟೈಲರಮ್ಮ ಪೇಂಟ್ ಡಬ್ಬದ ಮೇಲೆ ಬಟ್ಟೆ ಚೂರುಗಳ ಗಂಟು ಇಟ್ಟುಕೊಂಡು ಕೂತು ಹೊಲಿಯುತ್ತಿದ್ದರು. ಅವಳನ್ನು ಕಂಡವರೇ ಎದ್ದುಬಿಟ್ಟರು.

“ಅಯ್ಯೋ, ಇದಕ್ಕೇನು ಅರ್ಜೆಂಟಿತ್ತಮ್ಮಾ?”

“ಸಾಯಂಕಾಲ ಕೊಡ್ತೀನಿ ಅಂದಿದ್ರು.”

“ಅಂದಿದ್ರು. ಯಾವ ಸಾಯಂಕಾಲ ಅಂತ ಹೇಳಿರ್ಲಿಲ್ಲ ಬಿಡು.” ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಸೆರಗಿನಿಂದ ಕುರ್ಚಿ ಒರೆಸತೊಡಗಿದರು. “ಕೂತ್ಕೊ ಮಗಳೇ, ಒಂದ್ಗಳಿಗೆ.”

“ನೀವು ಕೂತ್ಕೊಳ್ಳಿ. ಕೆಲಸ ನಿಲ್ಲಿಸ್ಬೇಡಿ.”

ಅವಳೇ ಕುರ್ಚಿಯನ್ನು ಮೆಷಿನ್ನಿನ ಮುಂದೆ ಸರಿಯಾಗಿ ಎಳೆದಿಟ್ಟಳು. ಟೈಲರಮ್ಮ ಕೂತು, ಅರ್ಧ ಹೊಲಿದ ಅಂಗಿಯ ತೋಳನ್ನು ಸೂಜಿಯ ಅಡಿಗೆ ಸರಿಸಿ, ಕಾಲು ಒತ್ತಿದರು. ಮೆಷಿನ್ನಿನ ನಡುಕ ಕುರ್ಚಿಯ ಬೆನ್ನಿಗೆ ಹತ್ತಿ, ಅಲ್ಲಿಂದ ಅವಳ ಅಂಗೈಗೆ ಬಂತು. ತೋಳಿನ ಹೊಲಿಗೆ ಮುಗಿಯುವವರೆಗೆ ಹಾಗೇ ನಿಂತಿದ್ದು, ಆಮೇಲೆ ಕೈ ತೆಗೆದಳು.