ಎಲುಬಿನ ತಂತಿ

ನ್ಯಾನ್ಸಿ ಕುವೈತಿನ ಜಾಬ್ರಿಯಾದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಇರಾಕಿ ಸೈನ್ಯ ಬಂದು ಕೂತ ಮೇಲೆ ಜೊತೆಯವರಲ್ಲಿ ಅರ್ಧಕ್ಕರ್ಧ ಜನ ಅಮ್ಮಾನಿನ ದಾರಿ ಹಿಡಿದು ಊರು ಸೇರಿದ್ದರು. ಅವಳು ಹೋಗಲಾಗಲಿಲ್ಲ. ಗಂಡ ರೊನಾಲ್ಡನ ಪಾಸ್‌ಪೋರ್ಟು ಅವನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಕಪಾಟಿನಲ್ಲಿತ್ತು. ಕಫೀಲ ಬೀಗ ಹಾಕಿಕೊಂಡು ಸೌದಿಗೆ ಓಡಿದ್ದ. ರೊನಾಲ್ಡ್ ಅಹ್ಮದಿಯಲ್ಲಿ ಟರ್ನರ್ ಆಗಿದ್ದವನು. ಅವನ ವರ್ಕ್‌ಶಾಪಿನ ಲೇತ್‌ಗಳೆಲ್ಲ ಸೈನ್ಯದ ಲಾರಿ ಹತ್ತಿ ಇರಾಕಿನ ಬಸ್ರಾದ ಕಡೆ ಹೋಗಿಯಾಗಿತ್ತು.

ಅಕ್ಟೋಬರಿನ ಒಂದು ದಿನ ಊಟಕ್ಕೆ ಕೂತಾಗ ಅವನು ಕೇಳಿದ. “ಎಲುಬು ಮುರಿದರೆ ಒಳಗೆ ಹಾಕುವ ತಂತಿ ಉಂಟಲ್ಲ ನಿಮ್ಮಲ್ಲಿ, ಅದರದ್ದೊಂದು ತುಂಡು ಸಿಗ್ತದಾ?”

“ಎಂತಕ್ಕೆ?”

“ಅಬು ಫಹದ್ ಅವರ ಮೆಷಿನಿಗೆ. ಒಂದು ಪಿನ್ನು ಮಾಡ್ಬೇಕಿತ್ತು.”

ಅಬು ಫಹದ್ ಪಕ್ಕದ ಮನೆಯ ಕುವೈತಿ ಮುದುಕ. ಹರೆಯದಲ್ಲಿ ತಂದೆಯ ಹಡಗಿನಲ್ಲಿ ಮುಂಬಯಿಗೆ ಹೋಗಿಬರುತ್ತಿದ್ದವರು, ಹಿಂದಿ ಚೆನ್ನಾಗಿ ಬರುತ್ತಿತ್ತು. ಬೇಟೆಯ ಹುಚ್ಚು. ಬಂದೂಕಿನ ಸುಟ್ಟ ತೋಟೆಗೆ ಮತ್ತೆ ಮದ್ದು ತುಂಬುವ ಪುಟ್ಟ ಕೈಯಂತ್ರವೊಂದು ಅವರ ಮನೆಯಲ್ಲಿದ್ದುದು ನ್ಯಾನ್ಸಿಗೆ ಗೊತ್ತಿತ್ತು. ತೋಟೆಯ ತಳದಲ್ಲಿ ಸುಟ್ಟುಹೋದ ಕೇಪನ್ನು ಹೊರಗೆ ನೂಕಲು ಅದಕ್ಕೆ ಸೂಜಿಯಷ್ಟು ಸಣ್ಣ ಪಿನ್ನು ಬೇಕು. ಅದು ಮುರಿದಿತ್ತು. ಮಾರುವ ಅಂಗಡಿಗಳೆಲ್ಲ ಲೂಟಿಯಾಗಿದ್ದವು. ರೊನಾಲ್ಡ್ ಮೊಳೆ ಅರೆದು ನೋಡಿದ, ಬಗ್ಗಿತು. ಹೊಲಿಗೆ ಯಂತ್ರದ ಸೂಜಿ ಹಾಕಿದ, ಚಟ್ಟೆಂದು ತುಂಡಾಯಿತು.

ಈಗ ಯಾರು ಬೇಟೆಗೆ ಹೋಗುತ್ತಾರೆ ಎಂದು ನ್ಯಾನ್ಸಿ ಕೇಳಲಿಲ್ಲ. ಮುದುಕನ ಮಗ ಫಹದ್ ಸಂಜೆಯಾದರೆ ಇರಾಕಿಗಳ ಮೇಲೆ ಹೊಂಚುವ ಹುಡುಗರ ಜೊತೆ ಹೋಗುತ್ತಾನೆಂದು ಬೀದಿಗೆಲ್ಲ ಗೊತ್ತಿತ್ತು. ಮರುದಿನ ಕತ್ತರಿಸಿ ಎಸೆದ ತಂತಿಯ ತುಂಡೊಂದನ್ನು ಅವಳು ಹತ್ತಿಯಲ್ಲಿ ಸುತ್ತಿ ತಂದಳು. ರೊನಾಲ್ಡ್ ಅದನ್ನು ಕೈಡ್ರಿಲ್ಲಿಗೆ ಕಚ್ಚಿಸಿ, ಎಣ್ಣೆಕಲ್ಲಿನ ಮೇಲೆ ಇಡೀ ಮಧ್ಯಾಹ್ನ ತಿಕ್ಕಿದ. ಪಿನ್ನು ಸರಿಯಾಗಿ ಕೂತಿತು. ಎಷ್ಟೋ ವಾರಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತು. ಅದನ್ನು ನೋಡಿ ಅವಳೂ ನಕ್ಕಳು.

ನವೆಂಬರಿನಲ್ಲಿ ಫಹದ್‌ನನ್ನು ಆಸ್ಪತ್ರೆಗೆ ತಂದರು. ಬಲಗೈಗೆ ಸುತ್ತಿದ ಟವೆಲ್ಲು ನೆನೆದು ರಕ್ತ ತೊಟ್ಟಿಕ್ಕುತ್ತಿತ್ತು.

“ಸಿಸ್ಟರ್,” ಎಂದ ಅವನು ಅವಳನ್ನು ಗುರುತಿಸಿ. “ತೋಟೆಗೆ ಮದ್ದು ಸಿಗಲಿಲ್ಲ. ಬೇರೆ ಯಾವುದೋ ತುಂಬಿದೆವು. ಬಂದೂಕೇ ಸಿಡಿಯಿತು.”

“ಮಾತಾಡಬೇಡ. ಯಾರು ಕೇಳಿದರೂ ಜನರೇಟರಿನ ಬೆಲ್ಟಿಗೆ ಕೈ ಸಿಕ್ಕಿತು, ಅಷ್ಟೇ.”

ಡಾಕ್ಟರು ಕೇಸ್‌ಶೀಟಿನಲ್ಲಿ ಹಾಗೇ ಬರೆದು, ಮೂರು ಬೆರಳು ತೆಗೆದರು. ಮಾಂಸದೊಳಗಿಂದ ಹೆಕ್ಕಿದ ತೋಟೆಯ ಹಿತ್ತಾಳೆಯ ಚೂರುಗಳು ಟ್ರೇಯಲ್ಲಿ ಬಿದ್ದಿದ್ದವು. ನ್ಯಾನ್ಸಿ ಅದನ್ನೆತ್ತಿ ಸಿಂಕಿನ ಕಡೆ ಹೊರಟಿದ್ದಳು, ಅಷ್ಟರಲ್ಲಿ ಬಾಗಿಲು ತೆರೆಯಿತು. ಇರಾಕಿ ಅಧಿಕಾರಿಯೊಬ್ಬ ಒಳಬಂದು ಒಂದು ಚೂರನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ.

“ಇದು ಯಾವ ಜನರೇಟರ್?”

ಅರಿವಳಿಕೆಯ ಮಂಪರು ಇಳಿಯುವ ಮೊದಲೇ ಫಹದ್‌ನನ್ನು ಎಳೆದುಕೊಂಡು ಹೋದರು. ಔಷಧಿಯ ಪೊಟ್ಟಣ ಹಿಡಿದು ನ್ಯಾನ್ಸಿ ಮೆಟ್ಟಿಲವರೆಗೂ ಓಡಿದಳು. ಸೈನಿಕನೊಬ್ಬ ಅದನ್ನು ಕಿತ್ತು ಎಸೆದ.

ಮನೆಯಲ್ಲಿ ರೊನಾಲ್ಡ್ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ. “ಪಿನ್ನು ಮಾಡಿ ಕೊಡದಿದ್ದರೆ ಅವನ ಕೈ ಇರ್ತಿತ್ತು.”

“ತಂತಿ ತಂದದ್ದು ನಾನಲ್ವಾ,” ಎಂದಳು ನ್ಯಾನ್ಸಿ.

ಅಬು ಫಹದ್ ಬಂದು ಬಾಗಿಲಲ್ಲೇ ನಿಂತರು. ಬೈಯಲಿಲ್ಲ, ಅಳಲಿಲ್ಲ.

“ಬೇಟಿ, ಯಾವ ಬೆರಳು ಉಳಿದಿವೆ?”

“ಹೆಬ್ಬೆರಳು, ಕಿರುಬೆರಳು.”

ಅವರು ತಮ್ಮ ಬಲಗೈಯ ನಡುವಿನ ಮೂರು ಬೆರಳು ಮಡಚಿ, ಉಳಿದೆರಡನ್ನು ಹತ್ತಿರ ತಂದು ನೋಡಿದರು. “ಹಾಗಾದರೆ ಅನ್ನ ತಿನ್ನಬಹುದು. ಅಲ್ವಾ?”

ಆ ಗಾಯಕ್ಕೆ ದಿನಕ್ಕೆರಡು ಸಲ ಡ್ರೆಸ್ಸಿಂಗು, ಇಂಜೆಕ್ಷನ್ನು ಬೇಕು. ಸಿಗದಿದ್ದರೆ ಕೀವಿನ ನಂಜು ಮೈಗೇರಲು ಒಂದು ವಾರ ಸಾಕು. ಜೈಲಿನಲ್ಲಿ ಕೊಡುವವರು ಯಾರು? ನ್ಯಾನ್ಸಿಗೆ ಇದೆಲ್ಲ ಗೊತ್ತಿತ್ತು.

“ತಿನ್ನಬಹುದು, ಬಾಬಾ,” ಎಂದಳು.

ಮುದುಕ ಅದೇ ಮಾತಿನ ಮೇಲೆ ಚಳಿಗಾಲ ಕಳೆದರು. ಯುದ್ಧ ಮುಗಿದು, ಮಾರ್ಚಿನಲ್ಲಿ ಇರಾಕಿನಿಂದ ಸೆರೆಯಾಳುಗಳ ಬಸ್ಸು ಬರತೊಡಗಿದಾಗ ಪ್ರತಿ ಬಸ್ಸಿಗೂ ಹೋದರು. ಇಳಿದವರ ಮುಖಕ್ಕಿಂತ ಮೊದಲು ಕೈ ನೋಡುತ್ತಾರೆಂದು ಜೊತೆಗೆ ಹೋಗಿಬಂದ ರೊನಾಲ್ಡ್ ಹೇಳಿದ. ಅವನು ಮತ್ತೆ ಹೋಗಲಿಲ್ಲ.

ಬಸ್ಸುಗಳು ಕಡಿಮೆಯಾದವು, ಕೊನೆಗೆ ನಿಂತೇಹೋದವು. ಆದರೂ ಅಬು ಫಹದ್ ಹೊರಟರು. ಬೆಳಗಿನ ಡ್ಯೂಟಿಗೆ ಹೊರಟಿದ್ದ ನ್ಯಾನ್ಸಿಗೆ ಗೇಟಿನ ಹತ್ತಿರ ಸಿಕ್ಕರು. ಉರಿಯುವ ಎಣ್ಣೆಬಾವಿಗಳ ಕಪ್ಪು ಹೊಗೆಯಿಂದ ಹೊತ್ತು ಹುಟ್ಟಿದ್ದೇ ತಿಳಿಯುತ್ತಿರಲಿಲ್ಲ.

“ಇವತ್ತು ಒಂದು ಬಸ್ಸು ಬರಬಹುದಂತೆ,” ಎಂದರು.

ಇನ್ನು ಹೋಗಬೇಡಿ ಎಂದು ಹೇಳಲು ಅವಳು ಬಾಯಿ ತೆರೆದಳು.

“ಹೊಗೆ ಜಾಸ್ತಿ ಇದೆ ಬಾಬಾ,” ಎಂದಳು. “ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.”